ಕುದುರೆ ಹರಪನಹಳ್ಳಿ ನಾಲ್ಕಕ್ಕೆ

ನನಗೆ ಚದುರಂಗ ಬರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಅರ್ಧ ಮಾತ್ರ ನಂಬಿ. ಕಾಯಿ ನಡೆಸುವುದು ಬರುತ್ತದೆ. ನಡೆಸಿದ್ದನ್ನು ಎದುರಿಗಿಲ್ಲದ ಮನುಷ್ಯನಿಗೆ ತಿಳಿಯುವ ಹಾಗೆ ಹೇಳುವುದಿದೆಯಲ್ಲ, ಅದು ಬೇರೆಯೇ ವಿದ್ಯೆ. ಒಂದು ವಸ್ತು ಎಲ್ಲಿದೆ ಎಂದು ಹೇಳುವುದರಲ್ಲಿ ನಾನು ಮೊದಲಿನಿಂದಲೂ ಹಿಂದೆ. ಹೆಂಡತಿ ಅಡುಗೆಮನೆಯಿಂದ "ಕತ್ತರಿ ಎಲ್ಲಿಟ್ಟೀರಿ?" ಎಂದು ಕೇಳಿದರೆ "ಅಲ್ಲೇ ಐತಿ ನೋಡು" ಎನ್ನುತ್ತೇನೆ. ನನ್ನ ಪ್ರಕಾರ ಅದು ಸಂಪೂರ್ಣ ಉತ್ತರ. ಆಕೆಯ ಪ್ರಕಾರ ಅದು ಜಗಳದ ಪೀಠಿಕೆ. ತಮಾಷೆಯೆಂದರೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಎಲ್ಲಿಗೆ ಹೋಗುತ್ತದೆ ಎಂದು ದಿನವಿಡೀ ಊರಿಗೆಲ್ಲ ಹೇಳುವ ಕಂಟ್ರೋಲರ್ ನಾನೇ.

ಚದುರಂಗವನ್ನು ನನಗೆ ಕಲಿಸಿದ್ದು ಮೊಬೈಲು. ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಅದರೊಡನೆ ಆಡಿ, ಸೋತು, ಅದು ಹೇಳುವ ಭಾಷೆಯನ್ನೇ ಕಲಿತೆ. ಹಲಗೆಯ ಉದ್ದ ಸಾಲುಗಳಿಗೆ ಎ ಬಿ ಸಿ ಡಿ ಎಂದು ಎಂಟು ಅಕ್ಷರ, ಅಡ್ಡ ಸಾಲುಗಳಿಗೆ ಒಂದರಿಂದ ಎಂಟು. ಎಣಿಕೆ ಯಾವಾಗಲೂ ಬಿಳಿಯ ಕಡೆಯಿಂದ. ಕಪ್ಪು ಕಾಯಿಯವನು ಕೂಡ ತನ್ನ ಮನೆಯಂಗಳವನ್ನು ಎಂಟು ಎಂದೇ ಕರೆಯಬೇಕು. ಎಲ್ಲ ಮನೆಗೂ ಒಂದೊಂದು ಗಟ್ಟಿ ನಂಬರು. ಹೊಸ ಬಡಾವಣೆಯ ಸೈಟುಗಳ ಹಾಗೆ ಸ್ವಚ್ಛ ವ್ಯವಸ್ಥೆ.

ನನ್ನ ಬೀಗರು ಹಾಲಪ್ಪನವರದು ಹಳೆಯ ಪದ್ಧತಿ. ಮಗಳು ರೇಣುಕಾಳನ್ನು ಕೊಟ್ಟಿರುವ ಮನೆ ಅವರದು, ಹರಪನಹಳ್ಳಿಯಲ್ಲಿ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಹರೆಯದಲ್ಲಿ ಚಿಗಟೇರಿಯ ಗೆಳೆಯನೊಬ್ಬನ ಜೊತೆ ಪೋಸ್ಟ್ ಕಾರ್ಡಿನಲ್ಲೇ ಚದುರಂಗ ಆಡುತ್ತಿದ್ದರಂತೆ. ಕಾರ್ಡಿಗೊಂದು ನಡೆ. ಒಂದು ಆಟ ಮುಗಿಯುವಷ್ಟರಲ್ಲಿ ಗೆಳೆಯನಿಗೆ ಮದುವೆಯಾಗಿ ಮಗುವೂ ಆಗಿತ್ತಂತೆ. ಅವರ ಪದ್ಧತಿಯಲ್ಲಿ ಅಕ್ಷರಗಳಿಲ್ಲ. ಉದ್ದ ಸಾಲಿಗೆ ಅದರ ಬುಡದಲ್ಲಿ ಕೂತ ಕಾಯಿಯದೇ ಹೆಸರು: ರಾಜನ ಸಾಲು, ಮಂತ್ರಿಯ ಸಾಲು, ರಾಜನ ಕಡೆಯ ಒಂಟೆಯ ಸಾಲು. ಅದಕ್ಕಿಂತ ಮುಖ್ಯವಾಗಿ, ಎಣಿಕೆ ಅವರವರ ಕಡೆಯಿಂದ. ನಿಮಗೆ ನಾಲ್ಕನೆಯ ಮನೆಯಾದದ್ದು ನನಗೆ ಐದನೆಯದು. ನಮ್ಮೂರುಗಳಲ್ಲಿ ವಿಳಾಸ ಹೇಳುವುದೂ ಹೀಗೇ ತಾನೆ? "ನಮ್ಮನಿಯಿಂದ ನಾಕನೇದು, ಹುಣಸಿಗಿಡದ ಎದುರಿಗೆ" ಎನ್ನುತ್ತೇವೆ. ಕೇಳುವವನಿಗೆ ನಮ್ಮ ಮನೆಯೇ ಗೊತ್ತಿಲ್ಲ ಎಂಬುದು ನಮ್ಮ ತಲೆಗೆ ಹೊಳೆಯುವುದಿಲ್ಲ.

ಹಳೆಯ ಪದ್ಧತಿಯ ಇನ್ನೊಂದು ಗುಣವನ್ನೂ ಹೇಳಬೇಕು. ಅದರಲ್ಲಿ ಯಾರು ಯಾರನ್ನು ಹೊಡೆದರು ಎಂದು ಬಿಡಿಸಿ ಹೇಳುತ್ತಾರೆ: ಒಂಟೆ ಕುದುರೆಯನ್ನು ಹೊಡೆಯಿತು, ಸಿಪಾಯಿ ಆನೆಯನ್ನು ಹೊಡೆದ. ಮೊಬೈಲಿನ ಪದ್ಧತಿಯಲ್ಲಿ ಹೊಡೆದದ್ದು ಎಲ್ಲಿ ಎಂದಷ್ಟೇ ಗೊತ್ತಾಗುತ್ತದೆ. ಸತ್ತವರು ಯಾರು ಎಂದು ನಾವೇ ಹೋಗಿ ನೋಡಬೇಕು. ಇವೆರಡೂ ಸಾಲದು ಎಂದು, ದೇಶದೇಶಗಳ ನಡುವೆ ಟಪಾಲಿನಲ್ಲಿ ಆಡುವವರು ಬರೀ ಅಂಕಿಗಳನ್ನು ಬಳಸುತ್ತಿದ್ದರಂತೆ. ಐವತ್ತೆರಡು, ಐವತ್ನಾಲ್ಕು ಎಂದರೆ ರಾಜನ ಮುಂದಿನ ಸಿಪಾಯಿ ಎರಡು ಮನೆ ಮುಂದೆ ಹೋದ ಎಂದು ಅರ್ಥ. ನಾನು ಅದನ್ನೂ ಡ್ರೈವರ್ ಒಬ್ಬರ ಮೇಲೆ ಪ್ರಯೋಗ ಮಾಡಿ ನೋಡಿದೆ. ಅವರು ಅದನ್ನು ಶೆಡ್ಯೂಲ್ ನಂಬರು ಎಂದುಕೊಂಡು "ಆ ಗಾಡಿ ಇವತ್ತು ಡಿಪೋದಾಗ ಐತ್ರಿ ಸರ" ಎಂದರು. ಪೂರ್ತಿ ಕನ್ನಡದಲ್ಲೇ ಒಂದು ಪದ್ಧತಿ ಮಾಡೋಣವೆಂದು ಕಾಯಿಗಳ ಮೊದಲ ಅಕ್ಷರ ಹಿಡಿದು ಹೊರಟೆ. ರಾಜ, ರಾಣಿ ಎರಡಕ್ಕೂ ರಾ. ಕುದುರೆಗೂ ಕಾಲಾಳಿಗೂ ಕ. ರಾಣಿಯನ್ನು ಮಂತ್ರಿ ಮಾಡಿದೆ, ಕಾಲಾಳನ್ನು ಸಿಪಾಯಿ ಮಾಡಿದೆ, ಅಲ್ಲಿಗೆ ಸಾಕುಮಾಡಿದೆ. ಇಂಗ್ಲಿಷಿನವರೂ ಇದೇ ಇಕ್ಕಟ್ಟಿಗೆ ಸಿಕ್ಕಿ ಕುದುರೆಗೆ ಅದರ ಹೆಸರಿನ ಎರಡನೇ ಅಕ್ಷರ ಕೊಟ್ಟು ಕೈತೊಳೆದುಕೊಂಡಿದ್ದಾರೆ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು.

ಮಗಳ ಮದುವೆಯಾದ ಮೇಲೆ ಬೀಗರ ಹತ್ತಿರ ಮಾತಾಡಲು ನನಗೆ ವಿಷಯವೇ ಇರುತ್ತಿರಲಿಲ್ಲ. "ಮಳಿ ಆತೇನ್ರಿ?" "ಇಲ್ಲ, ನಿಮ್ಮ ಕಡೆ?" ಇಷ್ಟಕ್ಕೆ ಮಾತು ಖರ್ಚಾಗುತ್ತಿತ್ತು. ಒಂದು ದಿನ ಅವರಿಗೂ ಚದುರಂಗದ ಹುಚ್ಚಿದೆ ಎಂದು ತಿಳಿದು ನನಗೆ ಜೀವ ಬಂದಂತಾಯಿತು. ಫೋನಿನಲ್ಲಿ ಆಡೋಣ, ಬೆಳಿಗ್ಗೆ ಚಹಾ ಹೊತ್ತಿಗೆ ಒಂದು ನಡೆ, ಸಂಜೆಗೆ ಒಂದು ನಡೆ ಎಂದು ಮಾತಾಯಿತು. ಅವರದು ಗುಂಡಿ ಒತ್ತುವ ಹಳೇ ಫೋನು. ಫೋಟೋ ಕಳಿಸುವ ಮಾತೇ ಇಲ್ಲ. ಬಾಯಲ್ಲೇ ಹೇಳಬೇಕು. ಬಿ, ಸಿ, ಡಿ, ಜಿ ಎಲ್ಲ ಫೋನಿನಲ್ಲಿ ಒಂದೇ ತರ ಕೇಳುವುದರಿಂದ ಅಕ್ಷರಗಳನ್ನು ಕೈಬಿಟ್ಟೆ. ಆಗ ನನ್ನೊಳಗಿನ ಕಂಟ್ರೋಲರ್ ಎಚ್ಚರಗೊಂಡ. ಎಂಟು ಸಾಲಿಗೆ ಎಂಟು ಊರು! ಎಡಗಡೆಯಿಂದ ಕೂಡ್ಲಿಗಿ, ಕೊಟ್ಟೂರು, ಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಚಿಗಟೇರಿ, ಇಟ್ಟಿಗಿ, ಮೈಲಾರ. ದಿನಾ ಕೂಗುವ ಹೆಸರುಗಳು, ತಪ್ಪುವ ಮಾತೇ ಇಲ್ಲ. ರಾಜ ನಿಲ್ಲುವ ಸಾಲನ್ನು ಬೇಕೆಂದೇ ಹರಪನಹಳ್ಳಿಗೆ ಕೊಟ್ಟೆ. ಹೆಣ್ಣು ಕೊಟ್ಟವನು ರಾಜನ ಸಾಲು ಕೊಡಲು ಹಿಂದೆಮುಂದೆ ನೋಡಬಾರದು. ಬೀಗರು "ಪರವಾಗಿಲ್ಲ, ರಾಜ ನಮ್ಮೂರಲ್ಲೇ ಇದಾನೆ" ಎಂದು ನಕ್ಕರು. ಬೇಸರವಾದದ್ದು ನನ್ನ ಹೆಂಡತಿ ಸಾವಿತ್ರಿಗೆ. ಆಕೆಯ ತವರು ಇಟ್ಟಿಗಿ. "ನಮ್ಮೂರನ್ನ ಮೂಲಿಗೆ ಒತ್ತೀರಲ್ರೀ" ಎಂದು ಒಂದು ದಿನವೆಲ್ಲ ಮುಖ ಊದಿಸಿಕೊಂಡಿದ್ದಳು.

ಹೀಗೆ ಎರಡು ಹಲಗೆಗಳ ಅಂಚಿಗೂ ಊರುಗಳ ಚೀಟಿ ಅಂಟಿಸಿಕೊಂಡು ನಾವು ಆಡತೊಡಗಿದೆವು. ಎಲ್ಲವನ್ನೂ ಮಾತಾಡಿಕೊಂಡಿದ್ದೆವು, ಒಂದನ್ನು ಬಿಟ್ಟು: ಎಣಿಕೆ ಯಾರ ಕಡೆಯಿಂದ?

ಮೊದಲ ಆಟದಲ್ಲಿ ನನ್ನದು ಬಿಳಿ, ಅವರದು ಕಪ್ಪು. ಅವರು ತಮ್ಮ ಕಡೆಯಿಂದ ಎಣಿಸುತ್ತಾರೆ ಎಂಬುದು ಒಂದೆರಡು ನಡೆಯಲ್ಲೇ ನನಗೆ ಗೊತ್ತಾಯಿತು. "ಬೀಗರೆ, ಈಗ ಹಂಗ ಎಣಿಸಂಗಿಲ್ರಿ" ಎಂದು ತಿದ್ದಬಹುದಿತ್ತು. ಆದರೆ ನಮ್ಮ ಕಡೆ ಹೆಣ್ಣು ಕೊಟ್ಟವರು ಬೀಗರನ್ನು ತಿದ್ದುವ ರೂಢಿಯಿಲ್ಲ. ಅವರು ಹಗಲನ್ನು ಸಂಜೆ ಎಂದರೆ ನಾವು ದೀಪ ಹುಡುಕುವ ಮಂದಿ. ಮನಸ್ಸಿನಲ್ಲೇ ತಿರುಗಿಸಿಕೊಂಡು ಆಡಿದೆ, ಸೋತೆ. ಎರಡನೆಯ ಆಟದಲ್ಲಿ ಬಣ್ಣ ಅದಲುಬದಲಾಗಿ ಕಪ್ಪು ನನಗೆ ಬಂತು. ಬೀಗರಿಗೆ ತೊಂದರೆಯಾಗಬಾರದೆಂದು ನಾನು ಮೊಬೈಲಿನ ಪದ್ಧತಿಯನ್ನು ಬಿಟ್ಟು, ಅವರ ಹಾಗೆಯೇ ನನ್ನ ಕಡೆಯಿಂದ ಎಣಿಸಿ ಹೇಳಲು ಶುರುಮಾಡಿದೆ. ನನ್ನ ಈ ವಿನಯವನ್ನು ಯಾರೂ ಗಮನಿಸಲಿಲ್ಲವಲ್ಲ ಎಂದು ಒಳಗೊಳಗೇ ಕೊರಗೂ ಇತ್ತು.

ಆ ಆಟದಲ್ಲಿ ನಾನು ಆಡಿದ ಹಾಗೆ ಜೀವಮಾನದಲ್ಲಿ ಆಡಿಲ್ಲ. "ಕುದುರಿ ಹರಪನಹಳ್ಳಿ ನಾಕಕ್ಕ" ಎಂದೆ. ಮಾರನೆಯ ಬೆಳಿಗ್ಗೆ "ಕುದುರಿ ಚಿಗಟೇರಿ ಆರಕ್ಕ" ಎಂದೆ. ಆ ಚಿಗಟೇರಿ ಆರರಲ್ಲಿ, ನನ್ನ ಹಲಗೆಯ ಮೇಲೆ, ಬೀಗರ ಮಂತ್ರಿ ನಿಂತಿದ್ದ. ಮಂತ್ರಿಯನ್ನು ಎತ್ತಿ ಸ್ಟೀಲ್ ಬಟ್ಟಲಿಗೆ ಹಾಕಿದೆ. "ನಿಮ್ಮ ಮಂತ್ರೀನ ಹೊಡದೆ" ಎಂದು ಬೀಗರ ಮುಂದೆ ಬಾಯಿಬಿಟ್ಟು ಹೇಳಲು ನಾಲಗೆ ಏಳಲಿಲ್ಲ. ಮನೆಯ ಹೆಸರಷ್ಟೇ ಹೇಳಿ ಸುಮ್ಮನಾದೆ. ನೋಡಿಕೊಳ್ಳುತ್ತಾರೆ ಬಿಡು, ದೊಡ್ಡವರು. ಬೀಗರು "ಹೂಂ, ಆಯ್ತು" ಎಂದರು. ಅಷ್ಟೇ! ಮಂತ್ರಿ ಹೋದರೂ ಒಂದು ಉಸಿರು ಏರಲಿಲ್ಲ, ಒಂದು ಮಾತು ಆಡಲಿಲ್ಲ. ನಾನು ಹೆಂಡತಿಗೆ "ಎಂಥ ದೊಡ್ಡ ಮನಸ್ಸು ನೋಡು ಬೀಗರದು, ನಮ್ಮ ಮಗಳು ಪುಣ್ಯ ಮಾಡ್ಯಾಳ" ಎಂದೆ. ಆಮೇಲೆ ಕೆಲವು ದಿನ ಅವರ ನಡೆಗಳು ಸ್ವಲ್ಪ ವಿಚಿತ್ರವಾಗಿದ್ದವು. ಒಮ್ಮೆ ಖಾಲಿ ಮನೆಯನ್ನು ಬೆದರಿಸಿದರು, ಒಮ್ಮೆ ಎದುರಿಗೆ ಬಿಟ್ಟಿ ಸಿಕ್ಕ ನನ್ನ ಆನೆಯನ್ನು ಹೊಡೆಯದೆ ಬಿಟ್ಟರು. ಮಂತ್ರಿ ಹೋದ ದುಃಖ ಎಂದುಕೊಂಡು ನಾನು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಫೋನು ಬಂತು. ಬೀಗರ ದನಿಯಲ್ಲಿ ಸಂಕೋಚವಿತ್ತು. "ಬೀಗರೆ, ತಪ್ಪು ತಿಳಿಬ್ಯಾಡ್ರಿ. ಮಂತ್ರಿ ಬೊಮ್ಮನಹಳ್ಳಿ ಆರಕ್ಕೆ. ನಿಮ್ಮ ರಾಜನಿಗೆ ಶಾ. ಆಟ ಮುಗೀತು ಅನ್ಸುತ್ತೆ."

ನಾನು ಹಲಗೆ ನೋಡಿದೆ. ಬಟ್ಟಲು ನೋಡಿದೆ. ಮಂತ್ರಿ ಬಟ್ಟಲಲ್ಲೇ ಅಂಗಾತ ಮಲಗಿದ್ದ. ಆ ಗಳಿಗೆಯಲ್ಲಿ ನನ್ನ ವಿನಯ ಎಲ್ಲಿ ಹೋಗಿತ್ತೋ ಕಾಣೆ. "ಅಲ್ರೀ ಬೀಗರೆ, ನಿಮ್ಮ ಮಂತ್ರಿ ಸತ್ತು ಎಷ್ಟು ದಿನ ಆತು! ಸತ್ತಾಂವ ಹೆಂಗ ಎದ್ದು ಬಂದು ಶಾ ಕೊಡ್ತಾನ?" ಎಂದುಬಿಟ್ಟೆ.

ಆ ಕಡೆಯಿಂದ ತಣ್ಣಗೆ ಬಂತು ಮಾತು: "ಸತ್ತಿಲ್ಲ ಸ್ವಾಮಿ. ನನ್ನ ಕಣ್ಮುಂದೆ ನಿಂತಾನೆ. ಸತ್ತೋರನ್ನ ಎಬ್ಬಿಸಿ ಆಡೋ ಮಂದಿ ನಾವಲ್ಲ." ಫೋನು ಕಟ್ಟಾಯಿತು.

"ಬೀಗರೆ" ಹೋಗಿ "ಸ್ವಾಮಿ" ಆಗಿದ್ದೆ. ಅದೂ ಯಾವಾಗ? ಬರುವ ಸೋಮವಾರ ರೇಣುಕಾಳ ಕುಬಸ. ಏಳನೆಯ ತಿಂಗಳಲ್ಲಿ ತವರಿನವರು ಹೋಗಿ, ಹಸಿರು ಸೀರೆ ಕುಬಸ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಮಗಳನ್ನು ಮನೆಗೆ ಕರೆತರುವುದು ನಮ್ಮ ಪದ್ಧತಿ. ಸಾವಿತ್ರಿ ಒಳಗಿನ ಕೋಣೆಗೆ ಸುಣ್ಣ ಹೊಡೆಸಿ, ಮಂಚದ ಕಾಲಿನ ಅಲುಗಾಟಕ್ಕೆ ಬಡಗಿಯನ್ನೂ ಕರೆಸಿ, ದಿನ ಎಣಿಸುತ್ತ ಕೂತಿದ್ದಳು. ಮಾರನೆಯ ದಿನ ಮಗಳೇ ಫೋನು ಮಾಡಿದಳು. "ಅಪ್ಪಾ, ಮಾವಾರಿಗೆ ಏನಂದಿ? ನಿನ್ನೆಯಿಂದ ಮಾತಿಲ್ಲ ಕತಿಯಿಲ್ಲ. ಸೋಮವಾರದ ಮಾತು ತಗದ್ರ 'ನೋಡೋಣ' ಅಂದು ಎದ್ದು ಹೋಕ್ಕಾರ."

ನೋಡೋಣ! ಬೀಗರ ಬಾಯಲ್ಲಿ ಬರಬಾರದ ಮಾತು ಅದೊಂದೇ. ಇಲ್ಲ ಎಂದರೆ ಹೋಗಿ ಕಾಲು ಹಿಡಿಯಬಹುದು. ಹೂಂ ಎಂದರೆ ನಿಶ್ಚಿಂತೆ. ನೋಡೋಣ ಎಂದರೆ ಏನು ಹಿಡಿಯುವುದು? ಅಂದು ಕೆಲಸದಲ್ಲಿ ನನ್ನ ತಲೆ ನಿಲ್ಲಲಿಲ್ಲ. ಕೂಡ್ಲಿಗಿಯ ಬಸ್ಸನ್ನು ತೋರಿಸಿ ಮೈಕಿನಲ್ಲಿ "ಹರಪನಹಳ್ಳಿ, ಹರಪನಹಳ್ಳಿ" ಎಂದು ಕೂಗಿದೆ. ಮಂದಿ ಹತ್ತಿ ಕೂತರು. ಬಸ್ಸು ಗೇಟಿನ ಹತ್ತಿರ ಹೋದಾಗ ಅವರೆಲ್ಲ ಇಳಿದು, ನನ್ನ ಕಿಟಕಿಯ ಮುಂದೆ ನಿಂತು, ನನ್ನ ವಂಶದ ಬಗ್ಗೆ ನಾಲ್ಕು ಮಾತು ಹೇಳಿ ಹೋದರು. ನನಗೆ ಸಿಟ್ಟು ಬರಲಿಲ್ಲ. ಮಗಳು ಬರದಿದ್ದರೆ ಆ ಸುಣ್ಣ ಹೊಡೆದ ಕೋಣೆಯ ಮುಂದೆ ಹೇಗೆ ಓಡಾಡುವುದು ಎಂಬ ದಿಗಿಲೇ ನನ್ನನ್ನು ತಿನ್ನುತ್ತಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಬೈಯುತ್ತಾಳೆ ಎಂದು ಗೊತ್ತಿತ್ತು. ಕಣ್ಣಲ್ಲಿ ನೀರು ತರುತ್ತಾಳೆ ಎಂದು ಎಣಿಸಿರಲಿಲ್ಲ. "ನಿಮ್ಮ ಕುದುರಿ, ಮಂತ್ರಿ ಎಲ್ಲಾ ಹಾಳಾಗಿ ಹೋಗ್ಲಿ. ನಾಳೆ ಮದಲ್ನೇ ಬಸ್ಸಿಗೆ ಹೋಗ್ರಿ. ತಪ್ಪಾತು ಅನ್ರಿ. ಸೋತೆ ಅನ್ರಿ. ಏನರ ಅನ್ರಿ. ನನ್ನ ಮಗಳು ಸೋಮವಾರ ಈ ಮನ್ಯಾಗ ಇರ್ಬೇಕು" ಎಂದಳು. "ಆದ್ರ ನಾನು ಸೋತಿಲ್ಲಲ್ಲ, ಹಲಗಿ ನೋಡು ಬೇಕಾದ್ರ" ಎಂದೆ. ಹಲಗೆಯನ್ನು ನೋಡದೆ ನನ್ನನ್ನೇ ನೋಡಿದಳು. ನಾನು ಸೋತೆ.

ಆದರೂ ನಾನು ಮೋಸಗಾರನಲ್ಲ ಎಂದು ತೋರಿಸಬೇಕಲ್ಲ, ಹಲಗೆಯನ್ನು ಇದ್ದಹಾಗೇ ಒಯ್ಯಲು ನಿರ್ಧರಿಸಿದೆ. ಕೊಟ್ಟೂರಿನ ತನಕದ ರಸ್ತೆಯ ಉಬ್ಬುಗಳು ನನಗೆ ಗೊತ್ತು. ರಾಜ ಒಂದು ಕಡೆ, ಒಂಟೆ ಒಂದು ಕಡೆ ಹಾರಿಹೋಗುತ್ತವೆ. ಬೈದುಕೊಳ್ಳುತ್ತಲೇ ಸಾವಿತ್ರಿ ಒಂದು ಉಂಡೆ ಚಪಾತಿ ಹಿಟ್ಟು ಕೊಟ್ಟಳು. ಪ್ರತಿ ಕಾಯಿಯ ಬುಡಕ್ಕೂ ಚಿಟಿಕೆ ಹಿಟ್ಟು ಮೆತ್ತಿ ಹಲಗೆಗೆ ಅಂಟಿಸಿ, ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ನಮ್ಮವನೇ. "ಸರ, ಇವರಿಗೆಲ್ಲಾ ಟಿಕೀಟು ಹರೀಲೇನ್ರಿ?" ಎಂದು ಕೇಳಿದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದು ಬಂದರು. ನಾನು ಹದ್ದಿನಂತೆ ಹಲಗೆ ಕಾಯುತ್ತ, ಮಿರ್ಚಿಯ ವಾಸನೆಯನ್ನಷ್ಟೇ ಕುಡಿಯುತ್ತ ಕೂತಿದ್ದೆ.

ಬೀಗರು ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ" ಎಂದರು. ಅದರಲ್ಲಿ ಬಾ ಎಂಬುದು ಕಡಿಮೆ, ಬಂದ್ಯಾ ಎಂಬುದು ಹೆಚ್ಚು ಇತ್ತು. ಬೀಗತಿ ನೀಲಮ್ಮನವರು ಕಾಲಿಗೆ ನೀರು ಕೊಟ್ಟರು. ರೇಣುಕಾ ತುಂಬಿದ ಮೈಯಲ್ಲಿ ಬಾಗಿಲಿಗೆ ಬಂದು ನಿಂತು, ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಅಪ್ಪಾ, ಹಲಗಿಗೆ ಹಿಟ್ಟು ಯಾಕ ಮೆತ್ತೀ?" ಎಂದಳು. ಬೀಗರು ಒಳಗೆ ಹೋಗಿ ತಮ್ಮ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಎರಡನ್ನೂ ಮಂಚದ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆವು.

ಒಂದೇ ಆಟ ಎಂದು ಯಾರೂ ಹೇಳುವಂತಿರಲಿಲ್ಲ. ನನ್ನ ಹಲಗೆಯಲ್ಲಿ ಅವರ ಮಂತ್ರಿಯಿಲ್ಲ, ನಾನು ಗೆಲ್ಲುತ್ತಿದ್ದೇನೆ. ಅವರ ಹಲಗೆಯಲ್ಲಿ ಮಂತ್ರಿ ದಷ್ಟಪುಷ್ಟನಾಗಿ ನಿಂತಿದ್ದಾನೆ, ನನ್ನ ರಾಜ ಮೂಲೆ ಸೇರುತ್ತಿದ್ದಾನೆ. ಎರಡರಲ್ಲೂ ಸರಿಯಾಗಿದ್ದದ್ದು ಊರುಗಳ ಚೀಟಿ ಮಾತ್ರ. ಬೀಗರು ಕನ್ನಡಕ ಹಾಕಿಕೊಂಡು ತಮ್ಮ ಹಲಗೆಯನ್ನು ಮೊದಲಿನಿಂದ ಜೋಡಿಸಿದರು. ಹಿಟ್ಟು ಒಣಗಿ ಕಚ್ಚಿಕೊಂಡಿದ್ದ ನನ್ನ ಕಾಯಿಗಳನ್ನು ನಾನು ಸೌಟಿನ ಹಿಡಿಯಿಂದ ಎಬ್ಬಿಸಿದೆ. ಅಂಚೆಯವರ ನೆನಪು ದೊಡ್ಡದು; ಒಂದೊಂದೇ ನಡೆ ಹೇಳುತ್ತಾ ಬಂದರು. ಇಬ್ಬರೂ ನಡೆಸುತ್ತಾ ಬಂದೆವು. "ನೀವು ಆವಾಗ, ಕುದುರೆ ಹರಪನಹಳ್ಳಿ ನಾಲ್ಕಕ್ಕೆ ಅಂದ್ರಿ" ಎಂದರು.

ನಾನು ಒಂದು ಕುದುರೆ ಎತ್ತಿದೆ. ಅವರು ತಮ್ಮ ಹಲಗೆಯಲ್ಲಿ ನನ್ನ ಇನ್ನೊಂದು ಕುದುರೆ ಎತ್ತಿದರು. ನನ್ನ ಹಲಗೆಯಲ್ಲಿ ಕುದುರೆ ಒಂದು ಮನೆಯಲ್ಲಿ ಕೂತಿತು, ಅವರ ಹಲಗೆಯಲ್ಲಿ ಅದರ ಎದುರು ಮನೆಯಲ್ಲಿ ಕೂತಿತು. ಇಬ್ಬರೂ ಕೈ ತೆಗೆಯದೆ ಒಬ್ಬರ ಹಲಗೆಯನ್ನೊಬ್ಬರು ನೋಡಿದೆವು.

"ಯಾವ ಕಡಿಂದ ಎಣಿಸಿದ್ರಿ ಬೀಗರೆ?" ಎಂದೆ.

"ಬಿಳಿ ಕಡೆಯಿಂದ. ನೀವು ಹಂಗೇ ಕಲಿತೋರು ಅಂತ ಮಗ ಹೇಳಿದ. ನಿಮಗ್ಯಾಕೆ ತೊಂದ್ರೆ ಅಂತ ನಿಮ್ಮ ಪದ್ಧತಿಗೆ ಬಂದೆ. ನೀವು?"

"ನಾನು ನನ್ನ ಕಡಿಂದ. ನಿಮ್ಮ ಪದ್ಧತಿ ಅಂತ."

ಬೀಗರು ಕನ್ನಡಕ ತೆಗೆದರು. "ಹಂಗಾದ್ರೆ ಶುರುವಿನಲ್ಲೇ ನೀವು ಹೇಳೋ ಮನೆಗೆ ಕಾಯಿ ಹೋಗ್ತಾನೇ ಇರಲಿಲ್ಲವಲ್ಲ! ಪಾಪ, ಬಾಯಿ ತಪ್ಪಿ ಅಂತಾರೆ, ಹೆಣ್ಣು ಕೊಟ್ಟೋರನ್ನ ಏನಂತ ತಿದ್ದೋದು ಅಂತ ನಾನೇ ಸರಿಮಾಡಿ ಇಟ್ಕೊಂತಿದ್ದೆ. ಹರಪನಹಳ್ಳಿ ನಾಲ್ಕು ಅಂದಾಗ ನಿಮ್ಮ ಇನ್ನೊಂದು ಕುದುರೆಗೆ ಅಲ್ಲಿಗೆ ದಾರಿ ಇತ್ತು ನೋಡ್ರಿ. ಅಬ್ಬಾ, ಬೀಗರು ಈಗ ಸರಿಹೋದ್ರು ಅಂತ ಖುಷಿಪಟ್ಟೆ!" ಎಂದರು. ಚಿಗಟೇರಿ ಆರಕ್ಕೆ ನಾನು ಮಂತ್ರಿಯನ್ನು ಹೊಡೆದದ್ದು ಅವರಿಗೆ ಕುದುರೆ ಹೆದರಿ ಮನೆಗೆ ಓಡಿಬಂದಂತೆ ಕಂಡಿತ್ತಂತೆ. ಹೊಡೆದೆ ಎಂದು ನಾನು ಹೇಳಿರಲಿಲ್ಲ. ಕೊನೆಯ ನಡೆಯಲ್ಲಿ ಅವರ ಮಂತ್ರಿ ನನ್ನ ಕುದುರೆಯನ್ನು ಹೊಡೆದದ್ದನ್ನು ಅವರೂ ಹೇಳಿರಲಿಲ್ಲ. ಇಬ್ಬರ ಮರ್ಯಾದೆಯೂ ಅಷ್ಟು ದೊಡ್ಡದು.

ಮೊದಲು ನಕ್ಕವರು ನೀಲಮ್ಮನವರು, ಒಳಗಿನಿಂದ. ಆಮೇಲೆ ಬೀಗರಿಗೆ ನಗು ಹತ್ತಿತು. ನಕ್ಕು ನಕ್ಕು ಕೆಮ್ಮು ಬಂದು, ರೇಣುಕಾ ನೀರು ತಂದುಕೊಟ್ಟಳು. ನಾನೂ ನಕ್ಕೆ, ಆದರೆ ನನ್ನ ಜೀವ ಇನ್ನೂ ಸೋಮವಾರದಲ್ಲಿ ಸಿಕ್ಕಿಕೊಂಡಿತ್ತು. "ಬೀಗರೆ, ಸೋಮವಾರ..." ಎಂದೆ. ಅವರು ನಗು ನಿಲ್ಲಿಸಿ, ನೆಲ ನೋಡುತ್ತಾ ಹೇಳಿದರು: "ಬೇಜಾರಾಗಿತ್ತು ಬೀಗರೆ, ಸುಳ್ಳು ಯಾಕೆ ಹೇಳ್ಲಿ. ಈ ವಯಸ್ಸಲ್ಲಿ ಮೋಸಗಾರ ಅನ್ನಿಸ್ಕೊಂಡ್ನಲ್ಲ ಅಂತ. ನೀವು ಸೋಮವಾರ ಬಂದ್ರೆ ಮುಖ ಹೆಂಗೆ ತೋರಿಸೋದು ಅಂತ ನೋಡೋಣ ಅಂದಿದ್ದೆ. ಅದಕ್ಕೂ ಹುಡುಗಿಗೂ ಏನು ಸಂಬಂಧ?" ನೀಲಮ್ಮನವರು ಬಾಗಿಲಲ್ಲಿ ನಿಂತು, "ಇವರು ಬ್ಯಾಡ ಅಂದಿದ್ರೂ ಕೇಳೋರು ಯಾರು? ಉಡಿ ತುಂಬೋಕೆ ಕೊಬ್ಬರಿ ತಂದಿಟ್ಟು ಎಷ್ಟು ದಿನ ಆಯ್ತು" ಎಂದರು. ನನಗೆ ಆದ ನಿರಾಳವನ್ನು ಹೇಗೆ ಹೇಳಲಿ? ಮಂಚದ ತುದಿಯಲ್ಲಿ ಹಾಗೇ ಕುಸಿದು ಕೂತೆ, ಕೆಳಗೆ ಸಿಪಾಯಿಯೊಬ್ಬ ಚುಚ್ಚುತ್ತಿದ್ದದ್ದೂ ಗೊತ್ತಾಗಲಿಲ್ಲ. ಹೊರಗೆ ಬಂದು ಮೊದಲು ಸಾವಿತ್ರಿಗೆ ಫೋನು ಮಾಡಿದೆ. ಆಕೆ "ಆತು" ಎಂದಳು ಅಷ್ಟೆ, ಆಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿತು. ಬರುವಾಗ ಕೊಟ್ಟೂರಿನಲ್ಲಿ ಇಳಿದು ಹೊಟ್ಟೆ ಬಿರಿಯುವಷ್ಟು ಮಿರ್ಚಿ ತಿಂದೆ.

ಸೋಮವಾರ ಕುಬಸ ಚೆನ್ನಾಗಿ ಆಯಿತು. ಮಗಳು ಈಗ ನಮ್ಮ ಮನೆಯಲ್ಲಿದ್ದಾಳೆ. ಮಂಚ ಅಲುಗುವುದಿಲ್ಲ. ಮನೆಯ ತುಂಬ ತಾಯಿ ಮಗಳ ಮಾತು. ಎರಡು ಹಲಗೆಯ ಆ ಆಟವನ್ನು ಇಬ್ಬರೂ ಗೆದ್ದೆವು ಎಂದು ತೀರ್ಮಾನ ಮಾಡಿ, ನಾನೂ ಬೀಗರೂ ಹೊಸ ಕರಾರು ಮಾಡಿಕೊಂಡಿದ್ದೇವೆ. ಎಣಿಕೆ ಯಾವಾಗಲೂ ಬಿಳಿಯ ಕಡೆಯಿಂದ. ಯಾವ ಕುದುರೆ ಎಂದು ಬಿಡಿಸಿ ಹೇಳಬೇಕು. ಹೊಡೆದರೆ ಹೊಡೆದೆ ಎಂದು ಬಾಯಿಬಿಟ್ಟು ಹೇಳಬೇಕು, ಬೀಗರೆಂದು ನಾಚಬಾರದು. ಈಗ ನಮ್ಮ ನಡುವೆ ಒಂದು ಕೂದಲಿನಷ್ಟೂ ಅಪಾರ್ಥವಿಲ್ಲ. ಅದರ ಪರಿಣಾಮವಾಗಿ ನಾನು ಆಡಿದ ಆಟವನ್ನೆಲ್ಲ ಸೋಲುತ್ತಿದ್ದೇನೆ. ನಾನು ಜೀವಮಾನದಲ್ಲಿ ಚೆನ್ನಾಗಿ ಆಡಿದ ಒಂದೇ ಆಟ, ಬೀಗರು ನನ್ನ ಜೊತೆ ಆಡದೇ ಇದ್ದ ಆಟ.

ಇವತ್ತು ಬೆಳಿಗ್ಗೆಯೂ ಫೋನು ಬಂತು. "ಒಂಟೆ ಹಡಗಲಿ ಐದಕ್ಕೆ. ನಿಮ್ಮ ಮಂತ್ರೀನ ಹೊಡೆದೆ ಬೀಗರೆ!" ಎಂದು ಬೀಗರು ಯಾವ ಸಂಕೋಚವೂ ಇಲ್ಲದೆ ಕೂಗಿದರು. ನಾನು ಹಲಗೆ ನೋಡಿದೆ. ಆ ಕಡೆಯಿಂದ ಎಣಿಸಿದೆ, ಈ ಕಡೆಯಿಂದ ಎಣಿಸಿದೆ. ಒಳಗಿನ ಕೋಣೆಯಲ್ಲಿ ಮಲಗಿದ್ದ ರೇಣುಕಾ ನನ್ನ ನಿಟ್ಟುಸಿರು ಕೇಳಿ, "ಏನಾತಪ್ಪಾ?" ಎಂದಳು.

"ಮಂತ್ರಿ ಹೋತವ್ವ" ಎಂದೆ.

"ಯಾವ ಕಡಿಂದ ಎಣಿಸಿದಿ?"

"ಯಾವ ಕಡಿಂದ ಎಣಿಸಿದ್ರೂ ಹೋತವ್ವ" ಎಂದೆ.